ಪುಕ್ಕಟೆ ಮಾಡಿಕೊಡಲೇ, ಕಡಿಮೆಗೆ ಒಪ್ಪಲೇ, ಬೇಡವೆನ್ನಲೇ?

ಗೆರೆಗಾರ್ತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳ ಪುಸ್ತಕಗಳಿಗೆ, ಪತ್ರಿಕೆಗಳಿಗೆ ಚಿತ್ರ ಬರೆಯುವವಳು. ಕಚೇರಿಯ ನೌಕರಿ ಬಿಟ್ಟು ಸ್ವತಂತ್ರವಾಗಿ ದುಡಿಯಲು ತೊಡಗಿ ಹೆಚ್ಚು ಕಾಲವಾಗಿಲ್ಲ. ಈ ವಾರ ಎರಡು ಕರೆಗಳು ಒಟ್ಟಿಗೆ ಬಂದಿವೆ. ಎರಡಕ್ಕೂ ಏನು ಉತ್ತರ ಕೊಡಬೇಕೆಂದು ತೋಚುತ್ತಿಲ್ಲ.

ಮೊದಲನೆಯದು ಒಂದು ಮೊಬೈಲ್ ಆಪ್ ಕಂಪನಿ. ಮಕ್ಕಳಿಗೆ ಲೆಕ್ಕ ಕಲಿಸುವ ಆಪ್. ಅದಕ್ಕೆ 8 ಪ್ರಾಣಿಗಳ ಪಾತ್ರಗಳು ಬೇಕು. ಪ್ರತಿ ಪ್ರಾಣಿಯೂ ನಗುವ, ಅಳುವ, ಯೋಚಿಸುವ ಮೂರು ಭಂಗಿಗಳಲ್ಲಿ. ಮೊದಲು ಎರಡು ಪಾತ್ರಗಳನ್ನು ಪೂರ್ತಿ ಬಣ್ಣ ತುಂಬಿ ಮಾದರಿಗೆಂದು ಕಳುಹಿಸಿ, ಮೆಚ್ಚುಗೆಯಾದರೆ ಉಳಿದವುಗಳ ಹಣದ ಬಗ್ಗೆ ಮಾತನಾಡೋಣ ಎನ್ನುತ್ತಾರೆ. ಇದೇ ಮಾದರಿಯನ್ನು ಇನ್ನೂ ಕೆಲವು ಕಲಾವಿದರಿಂದ ತರಿಸಿಕೊಳ್ಳುತ್ತಿದ್ದಾರಂತೆ. ಮಾದರಿಗೆ ಹಣವಿಲ್ಲ. "ಲಕ್ಷಾಂತರ ಮಕ್ಕಳು ನಿಮ್ಮ ಚಿತ್ರ ನೋಡುತ್ತಾರೆ, ನಿಮ್ಮ ಹೆಸರನ್ನೂ ಹಾಕುತ್ತೇವೆ" ಎಂಬ ಮಾತಿದೆ.

ಎರಡನೆಯದು ಮಕ್ಕಳ ಗ್ರಂಥಾಲಯ ನಡೆಸುವ ಸಣ್ಣ ಗುಂಪು. ದೇಣಿಗೆಯಿಂದ ನಡೆಯುತ್ತದೆ. 16 ಪುಟಗಳ ಕಥೆಯ ಪುಸ್ತಿಕೆಗೆ ಪುಟಪುಟಕ್ಕೂ ಬಣ್ಣದ ಚಿತ್ರ ಬೇಕು. ಕೊಡುತ್ತೇವೆಂದ ಮೊತ್ತ ನನ್ನ ಮಾಮೂಲಿ ದರದ ಮೂರನೇ ಒಂದು ಭಾಗ. ಅದನ್ನೂ ಬಹಳ ಸಂಕೋಚಪಟ್ಟುಕೊಂಡೇ ಹೇಳಿದರು.

ಸದ್ಯ ಕೈಯಲ್ಲಿ ಬೇರೆ ಕೆಲಸ ಹೆಚ್ಚಿಲ್ಲ. ಸುಮ್ಮನೆ ಕುಳಿತಿರುವುದಕ್ಕಿಂತ ಏನಾದರೊಂದು ಮಾಡುವುದು ಮೇಲಲ್ಲವೇ? ಅನುಭವಿಗಳು ಏನನ್ನುತ್ತೀರಿ?

ಬೆಳಕಿಂಡಿ

ಮೊದಲನೆಯದಕ್ಕೆ ಒಂದೇ ಮಾತು: ಬೇಡ. ನಾನು ಛಾಯಾಗ್ರಾಹಕ. "ಈ ಸಲ ಹೀಗೆ ಮಾಡಿಕೊಡಿ, ಮುಂದಿನ ಸಲ ನೋಡಿಕೊಳ್ಳೋಣ" ಎಂದವರು ಮುಂದಿನ ಸಲ ಹಣ ಹಿಡಿದು ಬಂದದ್ದನ್ನು ನಾನಂತೂ ಕಂಡಿಲ್ಲ. ಹಣ ಕೂಡಿಬಂದಾಗ ಅವರು ಹುಡುಕಿಕೊಂಡು ಹೋಗುವುದು ಹಣ ತೆಗೆದುಕೊಂಡು ದುಡಿಯುವವರನ್ನು. ನಿಮ್ಮ ಹೆಸರು ಅವರ ಬಳಿ ಇರುತ್ತದೆ, ಆದರೆ ಬೇರೆ ಪಟ್ಟಿಯಲ್ಲಿ.

ಎರಡನೆಯದು ಒಳ್ಳೆಯ ಜನ, ಒಳ್ಳೆಯ ಕೆಲಸ. ಕಡಿಮೆಯಾದರೂ ಕೊಡುತ್ತಿದ್ದಾರಲ್ಲ, ಒಪ್ಪಿಕೊಳ್ಳಿ.

ಮುಖಪುಟದವ

ಬೆಳಕಿಂಡಿಯವರ ಮೊದಲ ಮಾತಿಗೆ ನನ್ನದೂ ಸಹಿ. ಎರಡನೆಯದಕ್ಕೆ ಇಲ್ಲ. ಪುಕ್ಕಟೆ ಕೆಲಸದ ಅಪಾಯವನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಹೆಚ್ಚು ಕಾಟ ಕೊಡುವುದು ಕಡಿಮೆ ದರದ ಕೆಲಸ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಾನು ಪುಸ್ತಕಗಳಿಗೆ ಮುಖಪುಟ ಮಾಡುವವನು. ಅದಕ್ಕೂ ಮೊದಲು ಮುದ್ರಣಾಲಯದಲ್ಲಿ ಪುಟ ಜೋಡಿಸುತ್ತಿದ್ದೆ. ಪುಕ್ಕಟೆಯಾಗಿ ಮಾಡಿಕೊಟ್ಟ ಮುಖಪುಟವನ್ನು ನೋಡಿ "ಇದೇ ಇವನ ದರ" ಎಂದು ಯಾರೂ ಅಂದುಕೊಂಡಿಲ್ಲ. ಸೊನ್ನೆ ಯಾರ ದರವೂ ಅಲ್ಲ ಎಂಬುದು ಕೇಳುವವರಿಗೂ ಗೊತ್ತು. ಅದು ಕೊಡುಗೆ. ಎಷ್ಟು ಕೊಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎನ್ನುವವನು ನಾನೇ. ಅರ್ಧಕ್ಕೆ ಒಪ್ಪಿಕೊಂಡದ್ದು ಹಾಗಲ್ಲ, ಅದು ದರವಾಗಿಯೇ ಉಳಿಯುತ್ತದೆ. ಅವರ ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ, ಅಲ್ಲಿಂದ ಅವರ ಪರಿಚಯದವರ ಕಿವಿಗೆ ಬೀಳುತ್ತದೆ. "ಅವರಿಗೆ ಇಷ್ಟಕ್ಕೆ ಮಾಡಿದ್ದೀರಂತೆ, ನಮಗೇಕೆ ಹೆಚ್ಚು?" ಎಂದು ಕೇಳಿದರೆ ಏನು ಹೇಳುತ್ತೀರಿ?

ಇನ್ನೊಂದು ವಿಷಯ. ಕಾಸು ಕೊಟ್ಟವರಿಗೆ ಕಾಸಿನ ಅಧಿಕಾರವೂ ಬರುತ್ತದೆ, ಕಾಸು ಎಷ್ಟೇ ಇರಲಿ. ಮುದ್ರಣಾಲಯದಲ್ಲಿದ್ದಾಗ ಕಣ್ಣಾರೆ ಕಂಡದ್ದು: ಕಾದಂಬರಿಯೊಂದಕ್ಕೆ ಕಲಾವಿದರೊಬ್ಬರು ಅರ್ಧ ದರದಲ್ಲಿ ಮುಖಪುಟ ಬರೆದಿದ್ದರು. ಮುಂಭಾಗ, ಬೆನ್ನು, ಹಿಂಭಾಗ ಮೂರರ ಮೇಲೂ ಹರಡಿಕೊಂಡ ಒಂದೇ ಮರ. ಕಾಂಡ ಸರಿಯಾಗಿ ಬೆನ್ನಿನ ಮೇಲೆ. ಎಲ್ಲ ಮುಗಿದ ಮೇಲೆ ಪ್ರಕಾಶಕರು ಒಳಪುಟಗಳಿಗೆ ತೆಳು ಕಾಗದ ಸಾಕೆಂದರು. ಪುಸ್ತಕದ ದಪ್ಪ ಇಳಿಯಿತು, ಬೆನ್ನು ಕಿರಿದಾಯಿತು, ಕಾಂಡದ ಅಂಚು ಮಡಿಕೆ ದಾಟಿ ಮುಂಭಾಗದಲ್ಲಿದ್ದ ಶೀರ್ಷಿಕೆಯ ಅಕ್ಷರಗಳಿಗೆ ಬಂದು ತಗುಲಿತು. ಮರವನ್ನು ಬುಡದಿಂದ ತಿದ್ದಿದರು. ಅಷ್ಟರಲ್ಲಿ ಕಾದಂಬರಿಗೆ ಮುನ್ನುಡಿ ಸೇರಿಕೊಂಡು ಪುಟ ಹೆಚ್ಚಾಯಿತು, ಬೆನ್ನು ಮತ್ತೆ ಅಗಲವಾಯಿತು, ಮರ ಮತ್ತೆ ಕಲಾವಿದರ ಮೇಜಿಗೆ ಹೋಯಿತು. ಹೆಚ್ಚಿನ ಹಣ ಕೇಳಿದರೆ "ಕೊಟ್ಟಿದ್ದೇವಲ್ಲ" ಎಂಬ ಉತ್ತರ. ಪುಕ್ಕಟೆ ಮಾಡಿಕೊಟ್ಟಿದ್ದರೆ ಎರಡನೇ ಸಲವೇ ಕೈಮುಗಿದು ಎದ್ದು ಹೋಗಬಹುದಿತ್ತು. ಪೂರ್ತಿ ದರಕ್ಕೆ ಒಪ್ಪಿದ್ದರೆ ತಿದ್ದುಪಡಿಗೆ ಇಷ್ಟು ಎಂದು ಕರಾರಿನಲ್ಲಿ ಬರೆಸಿಕೊಳ್ಳಲು ಬಾಯಿ ಇರುತ್ತಿತ್ತು. ನಡುವೆ ಸಿಕ್ಕಿಕೊಂಡವರಿಗೆ ಇದೂ ಇಲ್ಲ, ಅದೂ ಇಲ್ಲ.

ಈಗ ನಿಮ್ಮ ಆಪ್ ಕಂಪನಿಗೆ ಬರೋಣ. "ಎರಡೇ ಪಾತ್ರ, ಬರೀ ಮಾದರಿ" ಎನ್ನುತ್ತಾರೆ. ನೀವು ಚಿತ್ರ ಬರೆಯುವವರು, ನಿಮಗೇ ಗೊತ್ತಿರಬೇಕು: ಎಂಟು ಪಾತ್ರಗಳ ಸರಣಿಯಲ್ಲಿ ಮೈಮುರಿಯುವ ಕೆಲಸವೆಲ್ಲ ಮೊದಲ ಎರಡರಲ್ಲೇ ಮುಗಿಯುತ್ತದೆ. ತಲೆಗೂ ಮೈಗೂ ಎಷ್ಟು ಪ್ರಮಾಣ, ಗೆರೆ ಎಷ್ಟು ದಪ್ಪ, ಕಣ್ಣು ಬರೀ ಚುಕ್ಕೆಯೋ ಬಿಳಿಯೂ ಇರಬೇಕೋ, ಯಾವ ಬಣ್ಣಗಳ ಗುಂಪು, ನೆರಳು ಬೇಕೇ ಬೇಡವೇ, ಇವೆಲ್ಲ ತೀರ್ಮಾನವಾಗುವುದು ಅಲ್ಲೇ. ಉಳಿದ ಆರು ಪಾತ್ರಗಳು ಅದೇ ಜಾಡಿನಲ್ಲಿ ನಡೆಯುತ್ತವೆ. ಕೈ ಪಳಗಿದ ಬೇರೆ ಯಾರಿಂದಲಾದರೂ ಬರೆಸಿಕೊಳ್ಳಬಹುದು. ಮಾದರಿಯ ಹೆಸರಿನಲ್ಲಿ ಅವರು ಕೇಳುತ್ತಿರುವುದು ಕೆಲಸದ ತಿರುಳನ್ನು. ಅದೂ ಹಲವರಿಂದ. ಮನೆಯಲ್ಲಿ ಕುಳಿತೇ ಆರೇಳು ಜನರ ಯೋಚನೆ ಪುಕ್ಕಟೆಯಾಗಿ ಅವರ ಕೈಸೇರುತ್ತದೆ.

ಇದು ನನ್ನೊಬ್ಬನ ಸಿಟ್ಟಲ್ಲ. 1914ರಲ್ಲಿ ಹುಟ್ಟಿದ ಅಮೆರಿಕದ ವಿನ್ಯಾಸಕಾರರ ಸಂಸ್ಥೆ ಎಐಜಿಎ, ಹಣದ ಭರವಸೆಯಿಲ್ಲದೆ ಮೊದಲೇ ಕೆಲಸ ಮಾಡಿಸಿಕೊಳ್ಳುವ ಈ ಪದ್ಧತಿಯನ್ನು ಬಹಳ ಹಿಂದಿನಿಂದ ವಿರೋಧಿಸುತ್ತಾ ಬಂದಿದೆ. 1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಕಂಪ್ಯೂಟರ್ ಕಂಪನಿಯ ಲಾಂಛನಕ್ಕಾಗಿ ಹೆಸರಾಂತ ವಿನ್ಯಾಸಕಾರ ಪಾಲ್ ರ‍್ಯಾಂಡ್ ಬಳಿ ಹೋಗಿ, ಕೆಲವು ಆಯ್ಕೆಗಳನ್ನು ತೋರಿಸಬಹುದೇ ಎಂದು ಕೇಳಿದರಂತೆ. ರ‍್ಯಾಂಡ್ ಒಪ್ಪಲಿಲ್ಲ. ಒಂದೇ ಪರಿಹಾರ ಕೊಡುತ್ತೇನೆ, ಬಳಸುವುದು ಬಿಡುವುದು ನಿಮ್ಮಿಷ್ಟ, ಹಣ ಮಾತ್ರ ಕೊಡಬೇಕು ಎಂದರು. ಸಂಭಾವನೆ 1,00,000 ಡಾಲರ್. ನಾವ್ಯಾರೂ ರ‍್ಯಾಂಡ್ ಅಲ್ಲ, ಒಪ್ಪುತ್ತೇನೆ. ಆದರೆ ಅವರು ಮಾರಿದ್ದು ಯೋಚನೆಯನ್ನು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಶೈಲಿ ಹೇಗಿದೆ ಎಂದು ತಿಳಿಯಲು ನಿಮ್ಮ ಹಳೆಯ ಚಿತ್ರಗಳು ಸಾಲದೇ?

ಇನ್ನು "ಹೆಸರು ಹಾಕುತ್ತೇವೆ" ಎಂಬ ಮಾತು. ಇದು ಶುದ್ಧ ಮೂಗಿಗೆ ತುಪ್ಪ ಸವರುವ ಕೆಲಸ. ಸಾಹಿತ್ಯ ಮತ್ತು ಕಲಾಕೃತಿಗಳ ರಕ್ಷಣೆಗೆಂದು 1886ರಲ್ಲಿ ಬರ್ನ್ ಒಪ್ಪಂದವಾಯಿತು. 1928ರಲ್ಲಿ ರೋಮ್‌ನಲ್ಲಿ ಅದನ್ನು ಪರಿಷ್ಕರಿಸಿದಾಗ ಒಂದು ವಿಧಿ ಸೇರಿತು: ಕೃತಿಯ ಆರ್ಥಿಕ ಹಕ್ಕುಗಳನ್ನು ಮಾರಿದ ಮೇಲೂ, ಇದು ತನ್ನದು ಎಂದು ಹೇಳಿಕೊಳ್ಳುವ ಹಕ್ಕು ಕೃತಿಕಾರನಿಗೇ ಇರುತ್ತದೆ. ಒಂದೊಂದು ದೇಶ ಇದನ್ನು ಒಂದೊಂದು ಮಟ್ಟಕ್ಕೆ ಪಾಲಿಸುತ್ತದೆ, ನಿಜ. ಆದರೂ ತತ್ವ ಅದೇ. ನಿಮ್ಮದೇ ಆಗಿರುವುದನ್ನು ನಿಮಗೆ ಸಂಬಳವಾಗಿ ಕೊಡಲು ಇವರು ಯಾರು?

ಇಂಥ ಚರ್ಚೆಯಲ್ಲಿ ಯಾರಾದರೊಬ್ಬರು ನೈಕಿ ಲಾಂಛನದ ಕಥೆ ತೆಗೆದೇ ತೆಗೆಯುತ್ತಾರೆ, ಆದ್ದರಿಂದ ನಾನೇ ತೆಗೆಯುತ್ತೇನೆ. 1971ರಲ್ಲಿ ಕ್ಯಾರೊಲಿನ್ ಡೇವಿಡ್ಸನ್ ಎಂಬ ವಿದ್ಯಾರ್ಥಿನಿ ಅದನ್ನು 35 ಡಾಲರ್‌ಗೆ ಮಾಡಿಕೊಟ್ಟರು. 1983ರಲ್ಲಿ ಕಂಪನಿ ಅವರಿಗೆ ಷೇರುಗಳನ್ನು ಕೊಟ್ಟಿತು. "ನೋಡಿ, ಕೊನೆಗೆ ಸಿಕ್ಕಿತಲ್ಲ" ಎನ್ನುತ್ತಾರೆ. ಆ ಷೇರು ಕೊಟ್ಟವರ ಒಳ್ಳೆಯತನದಿಂದ ಬಂದದ್ದು, ಕರಾರಿನಿಂದಲ್ಲ. 35 ಡಾಲರ್ ಬಂದದ್ದು ದುಡಿದ ಗಂಟೆಗಳ ಲೆಕ್ಕದಲ್ಲಿ. ಆ ಗುರುತು ಎಲ್ಲೆಲ್ಲಿ, ಎಷ್ಟು ಕಾಲ ಬಳಕೆಯಾಗುತ್ತದೆ ಎಂಬುದರ ಲೆಕ್ಕ ಅದರಲ್ಲಿ ಇರಲಿಲ್ಲ. ನಿಮ್ಮ ದರಪಟ್ಟಿಯಲ್ಲಿ ಆ ಲೆಕ್ಕ ಇರಲಿ: ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಎಲ್ಲೆಲ್ಲಿ.

ಗ್ರಂಥಾಲಯದ ವಿಷಯಕ್ಕೆ ಎರಡು ದಾರಿ ಇವೆ, ಮೂರನೇ ಒಂದು ಭಾಗದ ದಾರಿ ಬಿಟ್ಟು. ಅವರ ಬಳಿ ಇರುವ ಹಣಕ್ಕೆ ನಿಮ್ಮ ಪೂರ್ತಿ ದರದಲ್ಲಿ ಎಷ್ಟು ಚಿತ್ರ ಬರುತ್ತದೋ ಅಷ್ಟು ಬರೆದುಕೊಡಿ. ದರ ಇಳಿಸಬೇಡಿ, ಕೆಲಸ ಇಳಿಸಿ. ಅದು ಅವರಿಗೆ ಸಾಲದಿದ್ದರೆ, ನಿಮಗೂ ಮನಸ್ಸಿದ್ದರೆ, ಪೂರ್ತಿ ಪುಕ್ಕಟೆಯಾಗಿ ಮಾಡಿ. ಆದರೆ ನಿಮ್ಮ ಷರತ್ತಿನ ಮೇಲೆ: ಶೈಲಿ ನಿಮ್ಮದು, ತಿದ್ದುಪಡಿ ಎರಡು ಸುತ್ತು, ಹಕ್ಕು ನಿಮ್ಮಲ್ಲೇ, ಅವರಿಗೆ ಒಂದು ಆವೃತ್ತಿಯ ಮುದ್ರಣಕ್ಕೆ ಮಾತ್ರ ಅನುಮತಿ. ಪುಕ್ಕಟೆಯಾದರೂ ಬಿಲ್ಲು ಕಳುಹಿಸಿ. ಅದರಲ್ಲಿ ಪೂರ್ತಿ ದರ ಬರೆದು, ಕೆಳಗಿನ ಸಾಲಿನಲ್ಲಿ ಅಷ್ಟನ್ನೂ ರಿಯಾಯಿತಿ ಎಂದು ಕಳೆದು, ಒಟ್ಟು ಸೊನ್ನೆ ಎಂದು ತೋರಿಸಿ. ಏನು ಪಡೆದೆವೆಂದು ಅವರಿಗೂ ಗೊತ್ತಾಗುತ್ತದೆ.

ವಕೀಲರನ್ನು ನೋಡಿ. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳ ಪ್ರಕಾರ ವಕೀಲರು ವರ್ಷಕ್ಕೆ ಕನಿಷ್ಠ 50 ಗಂಟೆ ಸಂಭಾವನೆಯಿಲ್ಲದ ಸೇವೆಯ ಗುರಿ ಇಟ್ಟುಕೊಳ್ಳಬೇಕು, ಅದರ ದೊಡ್ಡ ಪಾಲು ಹಣವಿಲ್ಲದವರಿಗೆ ಸಲ್ಲಬೇಕು. ಗಂಟೆಗೆ ಮಿತಿ ಇದೆ, ಯಾರಿಗೆ ಎಂಬುದೂ ಗೊತ್ತು. ಹಾಗೆ ಸೇವೆ ಮಾಡಿದ ವಕೀಲರು ಮರುದಿನ ಕಂಪನಿಯ ಕಕ್ಷಿಗಾರನ ಮುಂದೆ ಅಗ್ಗವಾಗುವುದಿಲ್ಲ. ವಿನ್ಯಾಸಕಾರ ಮಿಲ್ಟನ್ ಗ್ಲೇಸರ್ 1977ರಲ್ಲಿ ನ್ಯೂಯಾರ್ಕ್‌ಗಾಗಿ "ಐ ಲವ್ ನ್ಯೂಯಾರ್ಕ್" ಎಂಬ ಹೃದಯದ ಗುರುತಿನ ಲಾಂಛನವನ್ನು ಸಂಭಾವನೆ ಪಡೆಯದೆ ಮಾಡಿಕೊಟ್ಟರು. ಅವರ ಬೆಲೆ ಅದರಿಂದ ಕುಗ್ಗಲಿಲ್ಲ. ಕೊಡಲಾಗದವರಿಗೆ ಪುಕ್ಕಟೆ ಮಾಡಿ, ಕೊಡಲೊಲ್ಲದವರಿಗಲ್ಲ.

ಸುಮ್ಮನೆ ಕುಳಿತಿರುವುದಕ್ಕಿಂತ ಮೇಲಲ್ಲವೇ ಎಂದು ಕೇಳಿದ್ದೀರಿ. ಸುಮ್ಮನೆ ಕೂರಬೇಕೆಂದು ಯಾರು ಹೇಳಿದರು? ಯಾವ ಬಗೆಯ ಪುಸ್ತಕ ನಿಮ್ಮ ಕೈಗೆ ಬರಬೇಕೆಂಬ ಆಸೆಯಿದೆಯೋ ಅದರ ಮೂರು ಹರವುಪುಟಗಳನ್ನು (ಎದುರುಬದುರಿನ ಎರಡು ಪುಟ ಸೇರಿದರೆ ಒಂದು) ನಿಮಗಾಗಿಯೇ ಬರೆಯಿರಿ. ಅದನ್ನು ತೋರಿಸಿ ಕೆಲಸ ಕೇಳಿ. ಆಪ್ ಕಂಪನಿಯ ಎರಡು ಕರಡಿಗಳಿಗಿಂತ ಅದು ಹೆಚ್ಚು ದೂರ ಹೋಗುತ್ತದೆ.

ಎರಡು ನುಡಿ

ಮುಖಪುಟದವರು ಬರೆದದ್ದು ಓದಲು ಚೆನ್ನಾಗಿದೆ. ಪೂರ್ತಿ ದರ, ಇಲ್ಲವೇ ಪೂರ್ತಿ ಪುಕ್ಕಟೆ. ಆದರೆ ತಿಂಗಳ ಕೊನೆಗೆ ಮನೆಬಾಡಿಗೆ ಕಟ್ಟಬೇಕಾದವರಿಗೆ ಮೂರನೇ ಒಂದು ಭಾಗವೂ ಹಣವೇ. ನಾನು ಅನುವಾದಕಿ. ಶುರುವಿನಲ್ಲಿ ಪದಕ್ಕೆ ಇಷ್ಟು ಎಂದು ಸಿಕ್ಕಿದ ದರ ಈಗಿನದಕ್ಕಿಂತ ಬಹಳ ಕಡಿಮೆ, ಅದು ಅನ್ಯಾಯವೆಂದು ನನಗೆ ಅನ್ನಿಸಿಲ್ಲ. ಆಗ ನನ್ನ ಕರಡನ್ನು ಸಂಪಾದಕರು ಸಾಲು ಸಾಲಾಗಿ ತಿದ್ದುತ್ತಿದ್ದರು. ಅವರ ಆ ದುಡಿಮೆಗೆ ಯಾರು ಕೊಟ್ಟರು? ಕಲಿಯುವ ಕಾಲಕ್ಕೊಂದು ದರ, ಕಲಿತ ಮೇಲೊಂದು ದರ ಇರುವುದು ಎಲ್ಲ ವೃತ್ತಿಗಳಲ್ಲೂ ಉಂಟು.

ಇನ್ನೊಂದು ವಿಷಯವನ್ನು ಯಾರೂ ಎತ್ತಿಲ್ಲ. ಪುಕ್ಕಟೆ ಕೆಲಸ ಮಾಡಲು ಯಾರಿಗೆ ಸಾಧ್ಯ? ಮನೆಯಲ್ಲಿ ಬೇರೊಬ್ಬರ ಸಂಬಳ ಬರುವವರಿಗೆ. ಹೆಸರು ಮಾಡಲು ಮೊದಲು ಪುಕ್ಕಟೆ ದುಡಿಯಬೇಕು ಎಂಬುದು ರೂಢಿಯಾದರೆ, ಆ ಅನುಕೂಲ ಇಲ್ಲದವರು ಬಾಗಿಲಲ್ಲೇ ನಿಲ್ಲುತ್ತಾರೆ. ಆಮೇಲೆ ಪುಸ್ತಕಗಳಲ್ಲಿ ಬರುವ ಮನೆ, ಬೀದಿ, ಮಕ್ಕಳು ಎಲ್ಲವೂ ಅನುಕೂಲಸ್ಥರು ಕಂಡವೇ ಆಗುತ್ತವೆ. ಹಾಗಾಗಿ ಗ್ರಂಥಾಲಯದವರು ತಮ್ಮ ಕೈಲಾದಷ್ಟು ಕೊಡುತ್ತೇವೆ ಎಂದದ್ದನ್ನು ನಾನು ಗೌರವದಿಂದ ನೋಡುತ್ತೇನೆ. "ಬೇಡ, ಪುಕ್ಕಟೆ ಮಾಡುತ್ತೇನೆ" ಎನ್ನುವುದರಲ್ಲಿ ಸ್ವಲ್ಪ ಜಂಬವೂ ಇದೆ.

ಖರೀದಿ ಮೇಜು

ನಾನು ಮೇಜಿನ ಆಚೆ ಬದಿಯವನು. ಪ್ರಕಾಶನವೊಂದರಲ್ಲಿ ಕಲಾವಿದರಿಗೆ ಕೆಲಸ ಹಂಚುವ ಹೊಣೆ ನನ್ನದು. ಹೇಳಿಬಿಡುತ್ತೇನೆ: ಪುಸ್ತಕದ ಖರ್ಚಿನ ಪಟ್ಟಿ ಹಾಕುವಾಗ ಕಾಗದ, ಅಚ್ಚು, ಹೊಲಿಗೆ, ಸಾಗಣೆ ಯಾವುದೂ ಬಗ್ಗುವುದಿಲ್ಲ. ಮೊದಲು ನೂರು ಪ್ರತಿ ಸುಮ್ಮನೆ ಅಚ್ಚು ಹಾಕಿಕೊಡಿ, ಚೆನ್ನಾಗಿ ಬಂದರೆ ಹಣ ಕೊಡುತ್ತೇವೆ ಎಂದು ಮುದ್ರಣಾಲಯಕ್ಕೆ ಯಾರೂ ಹೇಳುವುದಿಲ್ಲ. ಬಗ್ಗುವುದು ಚಿತ್ರದ ಸಾಲು, ಅನುವಾದದ ಸಾಲು. ಅವು ಬಗ್ಗುತ್ತವೆ ಎಂದು ನಮಗೆ ಕಲಿಸಿಕೊಟ್ಟವರು ಬಗ್ಗಿದವರೇ.

ಹೊಸ ಕೆಲಸಕ್ಕೆ ದರ ಗೊತ್ತುಮಾಡುವಾಗ ನಾನು ಮೊದಲು ತೆಗೆಯುವುದು ಅದೇ ಕಲಾವಿದರ ಹಳೆಯ ಬಿಲ್ಲು. ಅಲ್ಲಿ ಮೂರನೇ ಒಂದು ಭಾಗ ಎಂದಿದ್ದರೆ ಮೇಲಿನವರಿಗೆ ಅದರ ಮೂರು ಪಟ್ಟು ಕೇಳಲು ನನಗೆ ಮುಖವಿಲ್ಲ. ಪೂರ್ತಿ ದರ ಬರೆದು ಕೆಳಗೆ ರಿಯಾಯಿತಿ ತೋರಿಸಿದ್ದರೆ ನಾನು ಮೇಲಿನ ಅಂಕಿಯನ್ನೇ ತೋರಿಸುತ್ತೇನೆ. ಆದ್ದರಿಂದ ಆ ಬಿಲ್ಲಿನ ಸಲಹೆ ಸಣ್ಣದಲ್ಲ.

ಹಣ ಕೊಟ್ಟು ಮಾದರಿ ತರಿಸಿಕೊಳ್ಳುವ ಪದ್ಧತಿ ಇದೆ. ನಾವೇ ಅದಕ್ಕೆಂದು ಸ್ವಲ್ಪ ಮೊತ್ತ ತೆಗೆದಿಡುತ್ತೇವೆ. ಕೇಳಿದವರಿಗೆ ಕೊಡುತ್ತೇವೆ, ಕೇಳದವರಿಗೆ ಇಲ್ಲ. ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕರಾರು ಕೇಳಲು ಹಿಂಜರಿಯುವವರಿಗೂ ಒಂದು ಮಾತು: ನ್ಯೂಯಾರ್ಕ್ ನಗರದಲ್ಲಿ 2017ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ 800 ಡಾಲರ್ ಅಥವಾ ಹೆಚ್ಚಿನ ಸ್ವತಂತ್ರ ಕೆಲಸಕ್ಕೆ ಲಿಖಿತ ಕರಾರು ಕಡ್ಡಾಯ, ಹಣ ಕೊಡುವ ದಿನಾಂಕ ಅದರಲ್ಲಿ ಇಲ್ಲದಿದ್ದರೆ ಕೆಲಸ ಮುಗಿದ 30 ದಿನಗಳೊಳಗೆ ಕೊಡಬೇಕು. ಅಂಥ ಕಾನೂನು ಇಲ್ಲದ ಕಡೆ ಇರುವವರೂ ಆ ಎರಡು ಸಾಲುಗಳನ್ನು ತಮ್ಮ ಪತ್ರದಲ್ಲಿ ಬರೆಯಬಹುದಲ್ಲ.

ಮುಖಪುಟದವ

ಎರಡು ನುಡಿಯವರೇ, ಜಂಬದ ಮಾತು ಒಪ್ಪಿದೆ. ನನ್ನಲ್ಲಿ ಅದು ಧಾರಾಳವಾಗಿದೆ. ಪುಕ್ಕಟೆ ದುಡಿಯಲು ಯಾರಿಗೆ ಸಾಧ್ಯ ಎಂಬ ನಿಮ್ಮ ಪ್ರಶ್ನೆ ಇಡೀ ಚರ್ಚೆಯಲ್ಲೇ ತೂಕದ್ದು. ಅದಕ್ಕೇ ನಾನು ಮೊದಲು ಹೇಳಿದ್ದು ಕೆಲಸ ಇಳಿಸುವ ದಾರಿಯನ್ನು. ಅವರ ಹಣವನ್ನು ತೆಗೆದುಕೊಳ್ಳಿ, ತಿರಸ್ಕರಿಸಬೇಡಿ. ಆದರೆ ಆ ಹಣಕ್ಕೆ ಬರುವಷ್ಟನ್ನೇ ಕೊಡಿ.

ಕಲಿಯುವ ಕಾಲದ ದರದ ಬಗ್ಗೆ ಮಾತ್ರ ಜಗಳವಾಡುತ್ತೇನೆ. ನಿಮ್ಮನ್ನು ತಿದ್ದಿದ ಸಂಪಾದಕರು ಇದ್ದರು, ಸಂತೋಷ. ಕಲಿಸುವವರು ಇದ್ದಲ್ಲಿ ಕಡಿಮೆ ಸಿಕ್ಕರೂ ಬೇರೊಂದು ಸಿಗುತ್ತದೆ. ಈ ಆಪ್ ಕಂಪನಿಯಲ್ಲಿ ಇವರ ಚಿತ್ರವನ್ನು ತಿದ್ದಿ ಹೇಳಿಕೊಡುವವರು ಯಾರಿದ್ದಾರೆ? "ನೀಲಿ ಸ್ವಲ್ಪ ಗಾಢವಾಗಲಿ" ಎನ್ನುವವರು ಗುರುಗಳಲ್ಲ. ಕೈ ಇನ್ನೂ ನಿಧಾನವಿದ್ದರೆ ಗಂಟೆಯ ಲೆಕ್ಕ ಬಿಟ್ಟು ಇಡೀ ಕೆಲಸಕ್ಕೆ ಇಷ್ಟು ಎಂದು ಹೇಳಿ. ನಿಮ್ಮ ನಿಧಾನ ಗಿರಾಕಿಗೆ ಕಾಣಬೇಕಾಗಿಲ್ಲ.

ಬಾಡಿಗೆಯ ವಿಷಯಕ್ಕೆ ನನ್ನ ಉತ್ತರ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹಣದ ಅಡಚಣೆಯಿದ್ದರೆ ಒಂದಿಷ್ಟು ಕಾಲ ಬೇರೆ ಕೆಲಸ ಮಾಡಿ, ಪುಟ ಜೋಡಿಸಿ, ಕರಡು ತಿದ್ದಿ, ಪಾಠ ಹೇಳಿ. ಅಲ್ಲಿ ದುಡಿದದ್ದು ನಿಮ್ಮ ಚಿತ್ರದ ದರವನ್ನು ಮುಟ್ಟುವುದಿಲ್ಲ.

ಬೆಳಕಿಂಡಿ

ಎರಡನೆಯದನ್ನು ಒಪ್ಪಿಕೊಳ್ಳಿ ಎಂದು ಎರಡು ಸಾಲಿನಲ್ಲಿ ಮುಗಿಸಿದ್ದೆ, ಇಲ್ಲಿ ಪುರಾಣವೇ ನಡೆದಿದೆ. ಕೆಲಸ ಇಳಿಸುವ ಯೋಚನೆ ಚಿತ್ರಕ್ಕೆ ಹೊಂದಬಹುದು. ಮದುವೆಯ ಅರ್ಧವನ್ನಷ್ಟೇ ಫೋಟೊ ತೆಗೆಯುತ್ತೇನೆ ಎನ್ನಲಾಗುತ್ತದೆಯೇ?

ಮುಖಪುಟದವ

ಆಲ್ಬಮ್ ಇಲ್ಲದೆ, ಆಯ್ದು ತಿದ್ದಿದ ಚಿತ್ರಗಳನ್ನು ಮಾತ್ರ ಕೊಡುತ್ತೇನೆ ಎನ್ನಬಹುದಲ್ಲ.

ಗೆರೆಗಾರ್ತಿ

ಎಲ್ಲರಿಗೂ ಧನ್ಯವಾದ. ನಡೆದದ್ದನ್ನು ತಿಳಿಸುತ್ತೇನೆ.

ಆಪ್ ಕಂಪನಿಗೆ ಹಳೆಯ ಚಿತ್ರಗಳ ಕೊಂಡಿ ಕಳುಹಿಸಿ, ಹೊಸ ಮಾದರಿ ಬೇಕಿದ್ದರೆ ಒಂದು ಪಾತ್ರವನ್ನು ಪೆನ್ಸಿಲ್‌ನಲ್ಲಿ ಮಾಡಿಕೊಡುತ್ತೇನೆ, ಅದಕ್ಕೆ ಇಷ್ಟು ಹಣ, ಕೆಲಸ ಗೊತ್ತಾದರೆ ಅದನ್ನು ಒಟ್ಟು ಮೊತ್ತದಲ್ಲಿ ಹಿಡಿದುಕೊಳ್ಳುತ್ತೇನೆ ಎಂದು ಬರೆದೆ. "ನಮ್ಮಲ್ಲಿ ಮಾದರಿಗೆ ಹಣ ಕೊಡುವ ಕ್ರಮವಿಲ್ಲ" ಎಂದು ಒಂದು ಸಾಲಿನ ಉತ್ತರ ಬಂತು. ಅಲ್ಲಿಗೆ ಮುಗಿಯಿತು. ಬೇಸರವಾಗಿಲ್ಲ ಎಂದರೆ ಸುಳ್ಳಾಗುತ್ತದೆ.

ಗ್ರಂಥಾಲಯದವರ ಮುಂದೆ ಹೀಗೆ ಇಟ್ಟೆ: ನಿಮ್ಮ ಮೊತ್ತಕ್ಕೆ ನನ್ನ ಪೂರ್ತಿ ದರದಲ್ಲಿ ಮುಖಪುಟ ಬಣ್ಣದಲ್ಲಿ, ಒಳಗೆ ಆರು ಕಪ್ಪು ಗೆರೆಯ ಚಿತ್ರಗಳು. ಅವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದರೆ ಆದದ್ದೇ ಬೇರೆ. ಒಳಪುಟಗಳು ಒಂದೇ ಬಣ್ಣದಲ್ಲಿದ್ದರೆ ಬಣ್ಣಕ್ಕೊಂದರಂತೆ ನಾಲ್ಕು ಪ್ಲೇಟಿನ ಬದಲು ಒಂದೇ ಪ್ಲೇಟು ಸಾಕು, ಅಚ್ಚಿನ ಖರ್ಚು ಇಳಿಯುತ್ತದೆ ಎಂದು ಮುದ್ರಣಾಲಯ ಅವರಿಗೆ ಹೇಳಿದೆ. ಉಳಿದ ಹಣದಲ್ಲಿ ಇನ್ನೂ ಎರಡು ಚಿತ್ರ ಬರೆಯಿರಿ ಎಂದು ಅವರೇ ಕೇಳಿದರು, ಅದೇ ದರಕ್ಕೆ. ಕರಾರಿನ ಪತ್ರಕ್ಕೂ ಸಹಿ ಹಾಕಿದ್ದಾರೆ.

ಈಗ ಒಂದು ಸಣ್ಣ ಅನುಮಾನ. ಮುಂದೆ ಭಿತ್ತಿಪತ್ರಕ್ಕೂ ಬಳಸಿಕೊಳ್ಳಲು ಅನುಕೂಲವಾಗುತ್ತದೆಂದು ಮುಖಪುಟದ ಮೂಲ ಕಡತವನ್ನು, ಬಿಡಿಬಿಡಿಯಾಗಿ ತಿದ್ದಬಹುದಾದ ಪದರಗಳ ಸಮೇತ, ಕೇಳುತ್ತಿದ್ದಾರೆ. ಕೊಡಲೇ?

ಮುಖಪುಟದವ

ಕೊಡಬೇಡಿ. ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್ ಕೊಡಿ. ಗೆರೆಯ ಚಿತ್ರಗಳನ್ನು ಬಿಡಿಯಾಗಿ ಕೇಳಿದರೆ ಇಂಚಿಗೆ 1200 ಚುಕ್ಕೆಗಳ ಟಿಫ್ ಕಡತಗಳನ್ನು ಕೊಡಿ, ಅಂಚು ಚೂಪಾಗಿ ಬರುತ್ತದೆ. ಭಿತ್ತಿಪತ್ರ ಬೇರೆ ಬಳಕೆ, ಅದಕ್ಕೆ ಬೇರೆ ಮಾತು. ಅದನ್ನು ಮಾತ್ರ ಬೇಕಿದ್ದರೆ ಪುಕ್ಕಟೆ ಮಾಡಿಕೊಡಿ, ಬಿಲ್ಲು ಮರೆಯಬೇಡಿ.